ಸಸ್ಕ್ಯಾಚೆವಾನ್ ಗೋಧಿ ರೈತರು 1929ರ ನಂತರ ಅಷ್ಟು ಆಳಕ್ಕೆ ಬಿದ್ದದ್ದೇಕೆ? ಪೂಲ್, ರೈಲು ಬಾಡಿಗೆ, ಬರ, ಪರಿಹಾರ: ಲೆಕ್ಕ ಬೇಕು

ಹಳೆಕಡತ (ಪ್ರಶ್ನೆ)

ಎರಡು ಮಹಾಯುದ್ಧಗಳ ನಡುವಿನ ಕೆನಡಾ ಬಗ್ಗೆ ಪದವಿ ತರಗತಿಗೆ ಟಿಪ್ಪಣಿ ಬರೆಯುತ್ತಿದ್ದೇನೆ. ಕೆನಡಾದ ಕೇಂದ್ರ-ಪ್ರಾಂತ್ಯ ಹಣಕಾಸು ಸಂಬಂಧವನ್ನು ಪರಿಶೀಲಿಸಿದ ರೋವೆಲ್-ಸಿರಾಯ್ ಆಯೋಗ ಕೊಟ್ಟ ತಲಾ ಆದಾಯದ ಅಂಕಿಗಳಲ್ಲಿ ಒಂದು ಸಾಲು ಕಣ್ಣಿಗೆ ಹೊಡೆಯುತ್ತದೆ. 1928–29ಕ್ಕೂ 1933ಕ್ಕೂ ನಡುವೆ ಒಂಟಾರಿಯೊದ ತಲಾ ಆದಾಯ 549 ಡಾಲರ್‌ನಿಂದ 310ಕ್ಕೆ ಇಳಿದರೆ, ಸಸ್ಕ್ಯಾಚೆವಾನ್‌ನಲ್ಲಿ 478ರಿಂದ 135ಕ್ಕೆ ಇಳಿಯಿತು. ಒಂದು ಕಡೆ ಶೇ. 44, ಇನ್ನೊಂದು ಕಡೆ ಶೇ. 72. ಅದೇ ಗೋಧಿ ಬೆಳೆಯುವ ಮ್ಯಾನಿಟೋಬಾದಲ್ಲೂ ಇಳಿಕೆ ಶೇ. 49 ಮಾತ್ರ.

ಓದಿದ ಪುಸ್ತಕಗಳೆಲ್ಲ "ಷೇರುಪೇಟೆ ಕುಸಿತ, ಆಮೇಲೆ ಬರಗಾಲ" ಎಂದು ಎರಡು ಸಾಲಿನಲ್ಲಿ ಮುಗಿಸುತ್ತವೆ. ನನಗೆ ಬೇಕಾದದ್ದು ಒಳಗಿನ ಲೆಕ್ಕ. ಪೇಟೆಯ ಬೆಲೆಯಲ್ಲಿ ರೈತನ ಕೈಗೆ ನಿಜಕ್ಕೂ ಬರುತ್ತಿದ್ದುದು ಎಷ್ಟು? ಅಷ್ಟು ಗಟ್ಟಿಯಾಗಿದ್ದ ಗೋಧಿ ಪೂಲ್‌ಗಳು (ರೈತರ ಗೋಧಿಯನ್ನು ಒಟ್ಟಾಗಿ ಮಾರುವ ಸಹಕಾರ ಸಂಘಗಳು) ಒಂದೆರಡು ವರ್ಷದಲ್ಲೇ ಕೈ ಚೆಲ್ಲಿದ್ದು ಹೇಗೆ? ನಿರುದ್ಯೋಗ ಪರಿಹಾರದ ಹೊರೆ ಪುರಸಭೆಗಳ ತಲೆಗೆ ಬಂದದ್ದು ಯಾವ ನಿಯಮದಿಂದ?

ಕಣಜ

ಮೊದಲನೆಯದಕ್ಕೆ ಉತ್ತರಿಸುತ್ತೇನೆ. ಪತ್ರಿಕೆಗಳಲ್ಲಿ ಬರುತ್ತಿದ್ದ ಬೆಲೆ ಫೋರ್ಟ್ ವಿಲಿಯಮ್ ಬಂದರಿನದು, ಅದೂ ನಂ. 1 ನಾರ್ದರ್ನ್ ಎಂಬ ಮೇಲಿನ ದರ್ಜೆಯ ಗೋಧಿಯದು. ಫೋರ್ಟ್ ವಿಲಿಯಮ್ ಇರುವುದು ಸುಪೀರಿಯರ್ ಸರೋವರದ ದಡದಲ್ಲಿ. ಹೊಲದಿಂದ ಅಲ್ಲಿಗೆ ಕಾಳು ತಲುಪಿಸುವ ಖರ್ಚೆಲ್ಲ ರೈತನದೇ.

ರೈಲು ಬಾಡಿಗೆಗೆ ಆಧಾರ 1897ರ ಕ್ರೋಸ್ ನೆಸ್ಟ್ ಒಪ್ಪಂದ. 1925ರಲ್ಲಿ ಸಂಸತ್ತು ಆ ದರವನ್ನು ಕಾನೂನಾಗಿಸಿತು. ರೆಜೈನಾದಿಂದ 100 ಪೌಂಡಿಗೆ ಸುಮಾರು 20 ಸೆಂಟ್. ಒಂದು ಬುಷೆಲ್ ಗೋಧಿ 60 ಪೌಂಡ್, ನಮ್ಮ ಲೆಕ್ಕದಲ್ಲಿ 27 ಕೆ.ಜಿ.ಗೆ ಸ್ವಲ್ಪ ಮೇಲೆ. ಹಾಗಾಗಿ ಬುಷೆಲ್‌ಗೆ 12 ಸೆಂಟ್ ಬಾಡಿಗೆ. ಈ ದರ ರೈತನಿಗೆ ದೊಡ್ಡ ರಕ್ಷಣೆ ಎನ್ನುವುದು ನಿಜ. ಆದರೆ ಬೆಲೆ ಇಳಿದಾಗ ಬಾಡಿಗೆ ಇಳಿಯುವುದಿಲ್ಲ ಎನ್ನುವುದೂ ಅಷ್ಟೇ ನಿಜ. ಗೋಧಿ 1 ಡಾಲರ್ 20 ಸೆಂಟ್ ಇದ್ದಾಗ ಬಾಡಿಗೆ ಹತ್ತರಲ್ಲಿ ಒಂದು ಪಾಲು. 1932ರ ಡಿಸೆಂಬರ್‌ನಲ್ಲಿ ವಿನಿಪೆಗ್ ಪೇಟೆ 38 ಸೆಂಟ್ ಮುಟ್ಟಿತಲ್ಲ, ಆಗ ಅದೇ 12 ಸೆಂಟ್ ಮೂರರಲ್ಲಿ ಒಂದು ಪಾಲಿನ ಹತ್ತಿರ ಬಂತು.

ಎಲಿವೇಟರ್‌ನಲ್ಲಿ ಏನಾಗುತ್ತಿತ್ತು ಎಂಬುದನ್ನೂ ನೋಡಿ. ರೈಲು ಹಳಿಯ ಪಕ್ಕದ ಆ ಎತ್ತರದ ಮರದ ಕಣಜಕ್ಕೆ ಬಂಡಿ ಏರಿಸಿ, ತುಂಬಿದ ಬಂಡಿಯನ್ನು ತೂಗುತ್ತಾರೆ. ಮುಂದಿನ ಚಕ್ರ ಮೇಲೆತ್ತಿದರೆ ಹಿಂಬದಿಯಿಂದ ಕಾಳು ಗುಂಡಿಗೆ ಸುರಿಯುತ್ತದೆ. ಖಾಲಿ ಬಂಡಿಯನ್ನು ಮತ್ತೆ ತೂಗಿ ತೂಕ ಕಳೆಯುತ್ತಾರೆ. ಅಷ್ಟರಲ್ಲಿ ಏಜೆಂಟ್ ಒಂದು ಹಿಡಿ ಕಾಳು ತೆಗೆದು ಜರಡಿ ಆಡಿಸಿ, ಕಳೆಬೀಜ, ಹೊಟ್ಟು, ಮಣ್ಣು ಎಷ್ಟಿದೆ ಎಂದು ನೋಡಿ ಅಷ್ಟು ಪಾಲನ್ನು ತೂಕದಲ್ಲಿ ಮುರಿಯುತ್ತಾನೆ. ಇದಕ್ಕೆ ಅವರು ಹೇಳುವುದು ಡಾಕೇಜ್. ಆಮೇಲೆ ದರ್ಜೆ. ಹಿಮ ಬಡಿದ ಕಾಳು, ಸುಕ್ಕಿದ ಕಾಳು, ಹಸಿ ಕಾಳು, ಒಂದೊಂದಕ್ಕೂ ಕೆಲವು ಸೆಂಟ್ ಕಡಿತ. ಒಪ್ಪಿಗೆ ಆಗದಿದ್ದರೆ ಮಾದರಿಯನ್ನು ಸರ್ಕಾರಿ ಧಾನ್ಯ ಪರಿವೀಕ್ಷಕರಿಗೆ ಕಳಿಸಿ ಅವರ ತೀರ್ಪು ಪಡೆಯುವ ಹಕ್ಕನ್ನು 1912ರ ಕೆನಡಾ ಧಾನ್ಯ ಕಾಯ್ದೆ ಕೊಟ್ಟಿತ್ತು. ಆದರೆ ಚಳಿ ಹತ್ತಿರ ಬಂದಿದೆ, ಸಾಲಗಾರ ಬಾಗಿಲಲ್ಲಿ ನಿಂತಿದ್ದಾನೆ ಅನ್ನುವಾಗ ಎಷ್ಟು ಜನ ಕಾಯುತ್ತಾರೆ?

ಲೆಕ್ಕಕ್ಕೆ 320 ಎಕರೆಯ ಒಂದು ಹೊಲ ತೆಗೆದುಕೊಳ್ಳಿ. ಅದರಲ್ಲಿ 200 ಎಕರೆ ಗೋಧಿ, ಉಳಿದದ್ದು ಬೀಳು ಮತ್ತು ಮೇವು. 1928ರಲ್ಲಿ ಎಕರೆಗೆ 20 ಬುಷೆಲ್ ಎಂದಿಟ್ಟುಕೊಂಡರೆ 4,000 ಬುಷೆಲ್. ಆ ವರ್ಷ ಪೂಲ್ ಕೊನೆಗೆ ಕೊಟ್ಟದ್ದು 1 ಡಾಲರ್ 18½ ಸೆಂಟ್. ಬಾಡಿಗೆ, ನಿರ್ವಹಣೆ ಕಳೆದು ಬುಷೆಲ್‌ಗೆ 1 ಡಾಲರ್ ಉಳಿದರೆ 4,000 ಡಾಲರ್. 1932ರಲ್ಲಿ ಎಕರೆಗೆ 13 ಬುಷೆಲ್, ಹೊಲದ ಬಳಿ 35 ಸೆಂಟ್ ಎಂದರೆ 910 ಡಾಲರ್. ಈಗ ಸಾಲ ನೋಡಿ. 3,000 ಡಾಲರ್ ಅಡಮಾನಕ್ಕೆ ಶೇ. 8ರಂತೆ ವರ್ಷಕ್ಕೆ 240 ಡಾಲರ್ ಬಡ್ಡಿ. 1928ರಲ್ಲಿ ಅದು 240 ಬುಷೆಲ್ ಗೋಧಿ. 1932ರಲ್ಲಿ ಸುಮಾರು 690 ಬುಷೆಲ್, ಅಂದರೆ ಇಡೀ ಬೆಳೆಯ ಕಾಲು ಪಾಲಿಗೂ ಮೇಲೆ. ಅಸಲು ಹಾಗೇ ನಿಂತಿದೆ. ತೆರಿಗೆ, ಬಿತ್ತನೆ ಬೀಜ, ಒಕ್ಕಣೆ ಕೂಲಿ ಇನ್ನೂ ಕೊಟ್ಟಿಲ್ಲ. ನನ್ನ ಮಟ್ಟಿಗೆ ಇಡೀ ಕಥೆಯ ಬುಡ ಇಲ್ಲಿದೆ: ಬೆಲೆ ಅಲುಗಾಡುತ್ತದೆ, ಬಾಡಿಗೆ ಮತ್ತು ಬಡ್ಡಿ ಅಲುಗಾಡುವುದಿಲ್ಲ.

ಸಹಕಾರಿ_ಪುಟ

ಪೂಲ್ ವಿಷಯಕ್ಕೆ ಸ್ವಲ್ಪ ಹಿಂದೆ ಹೋಗಲೇಬೇಕು. 1919ರ ಬೆಳೆಯನ್ನು ಸರ್ಕಾರದ ಗೋಧಿ ಮಂಡಳಿಯೇ ಕೊಂಡಿತ್ತು. ಮೊದಲು 2 ಡಾಲರ್ 15 ಸೆಂಟ್ ಮುಂಗಡ, ಮಾರಾಟ ಮುಗಿದ ಮೇಲೆ ಚೀಟಿ ತೋರಿಸಿದವರಿಗೆ ಇನ್ನೂ 48 ಸೆಂಟ್, ಒಟ್ಟು 2 ಡಾಲರ್ 63 ಸೆಂಟ್. ಮರುವರ್ಷ ಮಂಡಳಿಯನ್ನು ಮುಚ್ಚಿದರು, ಬೆಲೆ ಜಾರಿತು. ಮಂಡಳಿ ಇದ್ದಾಗ ಬೆಲೆ ಇತ್ತು, ಹೋದ ಮೇಲೆ ಬೆಲೆಯೂ ಹೋಯಿತು ಎಂದೇ ರೈತರು ನಂಬಿದರು. ಯುದ್ಧ ಮುಗಿದು ಯುರೋಪಿನ ಹೊಲಗಳು ಮತ್ತೆ ಬಿತ್ತನೆಗೆ ಬಂದದ್ದೂ ಅದೇ ಹೊತ್ತಿಗೆ ಎಂಬುದು ಆ ನಂಬಿಕೆಯಲ್ಲಿ ಮರೆಯಾಯಿತು.

ಒಟ್ಟಾವಾ, ಅಂದರೆ ಕೇಂದ್ರ ಸರ್ಕಾರ, ಆ ಮಂಡಳಿಯನ್ನು ಮತ್ತೆ ಕಟ್ಟಿ ಕೊಡಲಿಲ್ಲ. ಆಗ ರೈತರು ಪೂಲ್‌ಗಳನ್ನು ತಾವೇ ಕಟ್ಟಿಕೊಂಡರು. 1923ರಲ್ಲಿ ಕ್ಯಾಲಿಫೋರ್ನಿಯಾದ ವಕೀಲ ಆರನ್ ಸಪೀರೊ ಪ್ರೇರಿಯ, ಅಂದರೆ ಪಶ್ಚಿಮ ಕೆನಡಾದ ಹುಲ್ಲುಗಾವಲು ಸೀಮೆಯ, ಊರೂರು ಸುತ್ತಿ ಭಾಷಣ ಮಾಡಿದ. ಆ ವರ್ಷವೇ ಆಲ್ಬರ್ಟಾ ಪೂಲ್ ಶುರುವಾಯಿತು, 1924ರಲ್ಲಿ ಸಸ್ಕ್ಯಾಚೆವಾನ್ ಮತ್ತು ಮ್ಯಾನಿಟೋಬಾ ಪೂಲ್‌ಗಳು. ಮಾರುವ ಕೆಲಸ ಮಾತ್ರ ಮೂವರಿಗೂ ಸೇರಿ ವಿನಿಪೆಗ್‌ನ ಒಂದೇ ಕೇಂದ್ರ ಸಂಸ್ಥೆಗೆ. ಸದಸ್ಯನಾದವನು ಐದು ವರ್ಷ ತನ್ನ ಗೋಧಿಯನ್ನೆಲ್ಲ ಪೂಲ್‌ಗೇ ಕೊಡುತ್ತೇನೆಂದು ಕರಾರಿಗೆ ರುಜು ಹಾಕಬೇಕು. ಕಾಳು ಕೊಟ್ಟ ದಿನ ಮುಂಗಡ, ವರ್ಷದ ನಡುವೆ ಒಂದೋ ಎರಡೋ ಕಂತು, ಕೊನೆಗೆ ಬಾಕಿ. ಬುಷೆಲ್‌ಗೆ 2 ಸೆಂಟ್ ಎಲಿವೇಟರ್ ನಿಧಿಗೆ, ಮಾರಾಟದ ಮೊತ್ತದಲ್ಲಿ ಶೇ. 1 ವ್ಯಾಪಾರ ನಿಧಿಗೆ ಮುರಿದುಕೊಳ್ಳುತ್ತಿದ್ದರು. ಆ 2 ಸೆಂಟ್‌ಗಳೇ ಕೂಡಿ ಸಸ್ಕ್ಯಾಚೆವಾನ್ ಪೂಲ್‌ಗೆ ಸುಮಾರು ಸಾವಿರ ಎಲಿವೇಟರ್ ಆದವು. ಸೆಪ್ಟೆಂಬರ್‌ನಲ್ಲಿ ಕೊಟ್ಟವನಿಗೂ ಮಾರ್ಚ್‌ನಲ್ಲಿ ಕೊಟ್ಟವನಿಗೂ ಒಂದೇ ದರ್ಜೆಗೆ ಒಂದೇ ಬೆಲೆ ಸಿಗುತ್ತಿತ್ತು. ಸಾಲಕ್ಕೆ ಹೆದರಿ ಕೊಯ್ಲಿನ ವಾರವೇ ಮಾರಬೇಕಾದ ಸಣ್ಣ ರೈತನಿಗೆ ಇದು ಎಷ್ಟು ದೊಡ್ಡ ಸಂಗತಿ ಎಂದು ಬಿಡಿಸಿ ಹೇಳಬೇಕಿಲ್ಲ.

ನಂ. 1 ದರ್ಜೆಗೆ 1924ರ ಬೆಳೆಗೆ 1.66 ಡಾಲರ್, 1925ಕ್ಕೆ 1.45, 1926ಕ್ಕೆ 1.42 ಸಿಕ್ಕಿತು. ಪ್ರೇರಿ ಗೋಧಿಯಲ್ಲಿ ಹೆಚ್ಚೂಕಡಿಮೆ ಅರ್ಧ ಪೂಲ್‌ಗಳ ಕೈಯಲ್ಲಿತ್ತು.

ದೋಷ ಇದ್ದದ್ದು ಮುಂಗಡದಲ್ಲಿ. ಮುಂಗಡ ಕೊಡಲು ಪೂಲ್ ಬ್ಯಾಂಕುಗಳಿಂದ ಸಾಲ ತರುತ್ತಿತ್ತು, ಅಡವು ಗೋಧಿಯೇ. ಅಡವಿನ ಪೇಟೆ ಬೆಲೆ ಸಾಲಕ್ಕಿಂತ ಸದಾ ಶೇ. 15 ಮೇಲಿರಬೇಕು ಎಂಬುದು ಬ್ಯಾಂಕುಗಳ ಷರತ್ತು. 1929ರ ಬೆಳೆಗೆ ಮುಂಗಡ 1 ಡಾಲರ್. ಅಂದರೆ ಪೇಟೆ 1.15ಕ್ಕಿಂತ ಕೆಳಗೆ ಬಂದ ದಿನವೇ ಬ್ಯಾಂಕಿಗೆ ಉತ್ತರ ಹೇಳಬೇಕು. 1930ರ ಆರಂಭದಲ್ಲಿ ಆ ದಿನ ಕಣ್ಣೆದುರಿಗೆ ಬಂತು. ಬ್ಯಾಂಕುಗಳು ಗೋಧಿಯನ್ನು ಒಮ್ಮೆಗೇ ಪೇಟೆಗೆ ಸುರಿದುಬಿಟ್ಟರೆ ಬೆಲೆ ಇನ್ನೂ ಕುಸಿಯುತ್ತದೆಂದು ಮೂರೂ ಪ್ರಾಂತ್ಯ ಸರ್ಕಾರಗಳು ಜಾಮೀನು ನಿಂತವು. ಕೊನೆಗೆ ಲೆಕ್ಕ ಹಾಕಿದಾಗ, ಮಾರಿ ಬಂದ ಹಣಕ್ಕಿಂತ ರೈತರಿಗೆ ಹೆಚ್ಚಾಗಿ ಕೊಟ್ಟದ್ದು ಸುಮಾರು 2 ಕೋಟಿ 20 ಲಕ್ಷ ಡಾಲರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಸ್ಕ್ಯಾಚೆವಾನ್‌ನದೇ.

ಹಳೆಕಡತ

ತುಂಬಾ ಉಪಕಾರವಾಯಿತು. ಒಂದು ಅನುಮಾನ. 1928ರಲ್ಲಿ ಮುಂಗಡ 85 ಸೆಂಟ್ ಇತ್ತಲ್ಲವೇ? ಅಪಾಯ ಗೊತ್ತಿದ್ದವರು 1929ರಲ್ಲಿ 1 ಡಾಲರ್‌ಗೆ ಏರಿಸಿದ್ದೇಕೆ?

ಸಹಕಾರಿ_ಪುಟ

ಆ ಬೇಸಿಗೆಯಲ್ಲಿ ನಿಂತು ನೋಡಿದರೆ ಅದು ದುಡುಕು ಅನ್ನಿಸುವುದಿಲ್ಲ. 1928ರದು ದಾಖಲೆ ಬೆಳೆ, ಕೆನಡಾ ಒಟ್ಟಾರೆ ಸುಮಾರು 56.7 ಕೋಟಿ ಬುಷೆಲ್. ಅದಕ್ಕೇ ಮುಂಗಡ ಕಡಿಮೆ ಇಟ್ಟಿದ್ದರು. 1929ರಲ್ಲಿ ಮಳೆ ಕೈಕೊಟ್ಟು ಬೆಳೆ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯಿತು, ಜುಲೈ ಕೊನೆಗೆ ಪೇಟೆ ಒಂದೂವರೆ ಡಾಲರ್ ದಾಟಿತ್ತು. ಹೀಗಿರುವಾಗ 1 ಡಾಲರ್ ಮುಂಗಡ ಸುರಕ್ಷಿತ ಎಂದೇ ಎಲ್ಲರ ಎಣಿಕೆ. ಸರಕು ಕಡಿಮೆ ಇದೆ, ಯುರೋಪ್ ನಮ್ಮ ಬಳಿಗೇ ಬರಬೇಕು ಎಂದು ಕೇಂದ್ರ ಸಂಸ್ಥೆ ಗೋಧಿ ಹಿಡಿದಿಟ್ಟುಕೊಂಡಿತು.

ಯುರೋಪ್ ಬರಲಿಲ್ಲ. ಅರ್ಜೆಂಟೀನಾ ಕಡಿಮೆ ಬೆಲೆಗೆ ಮಾರಿತು. ಜರ್ಮನಿ, ಫ್ರಾನ್ಸ್, ಇಟಲಿ ತಮ್ಮ ರೈತರನ್ನು ಕಾಯಲು ಸುಂಕದ ಗೋಡೆ ಎತ್ತರಿಸಿದವು. ಗಿರಣಿಗಳು ಇಷ್ಟು ಪಾಲು ಸ್ವದೇಶಿ ಗೋಧಿಯನ್ನೇ ಬೀಸಬೇಕು ಎಂಬ ನಿಯಮಗಳೂ ಬಂದವು. 1930ರ ಬೇಸಿಗೆಯಲ್ಲಿ ಬೆಲೆ 1 ಡಾಲರ್‌ಗಿಂತ ಕೆಳಗಿಳಿಯಿತು. ಆ ವರ್ಷದ ಬೆಳೆಗೆ ಮುಂಗಡ 70 ಸೆಂಟ್‌ನಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ 50ಕ್ಕೆ ಬಂತು. ನವೆಂಬರ್‌ನಲ್ಲಿ ಬ್ಯಾಂಕುಗಳ ಒತ್ತಾಯಕ್ಕೆ ಜಾನ್ ಮೆಕ್‌ಫರ್ಲೆಂಡ್ ಎಂಬ ಧಾನ್ಯ ವ್ಯಾಪಾರಿಯನ್ನು ಮಾರಾಟದ ಮುಖ್ಯಸ್ಥನನ್ನಾಗಿ ಕೂರಿಸಿದರು. 1931ರಲ್ಲಿ ಸದಸ್ಯರನ್ನು ಕರಾರಿನಿಂದ ಬಿಡುಗಡೆ ಮಾಡಿದರು.

"ಪೂಲ್ ಮುಳುಗಿತು" ಎಂದು ಮಾತ್ರ ಬರೆಯಬೇಡಿ. ಒಟ್ಟಾಗಿ ಮಾರುವ ವ್ಯವಸ್ಥೆ ನಿಂತಿತು, ಎಲಿವೇಟರ್ ಸಹಕಾರ ಸಂಘಗಳು ಉಳಿದವು, ಸಾಲವನ್ನು ವರ್ಷಾನುಗಟ್ಟಲೆ ತೀರಿಸಿದವು. ಮಾರಾಟದ ಹೊಣೆ 1935ರ ಕಾಯ್ದೆಯಿಂದ ಕೆನಡಾ ಗೋಧಿ ಮಂಡಳಿಗೆ ಹೋಯಿತು. ಮೊದಲ ವರ್ಷದ ಮುಂಗಡ 87½ ಸೆಂಟ್, ನಷ್ಟವಾದರೆ ಒಟ್ಟಾವಾದ್ದು. ನಷ್ಟ ಹೊರುವ ಈ ಭರವಸೆಯೇ 1929ರಲ್ಲಿ ಇಲ್ಲದೇ ಹೋದದ್ದು.

ಒಣಬೇಸಾಯ

ಬರದ ಬಗ್ಗೆ ಒಂದು ತಿದ್ದುಪಡಿ. ಬೆಲೆಯೂ ಮಳೆಯೂ ಕೈಕೊಟ್ಟ ವರ್ಷಗಳು ಒಂದೇ ಅಲ್ಲ, ಒಂದೇ ಜಾಗವೂ ಅಲ್ಲ. ಬೆಲೆ ಎಲ್ಲರಿಗೂ ಬಿತ್ತು. ಬರ ಹೆಚ್ಚು ಹೊಡೆದದ್ದು ಪ್ಯಾಲಿಸರ್ ತ್ರಿಕೋನ ಎಂಬ ದಕ್ಷಿಣದ ಒಣ ಹುಲ್ಲುಗಾವಲಿಗೆ, ಅದರ ದೊಡ್ಡ ಪಾಲು ಇರುವುದು ಸಸ್ಕ್ಯಾಚೆವಾನ್‌ನಲ್ಲಿ. ಮ್ಯಾನಿಟೋಬಾದ ಬಹುಪಾಲು ಅದರ ಹೊರಗಿದೆ, ಜೊತೆಗೆ ಅಲ್ಲಿ ಹೈನು, ಇತರ ಧಾನ್ಯ, ವಿನಿಪೆಗ್‌ನ ಕಾರ್ಖಾನೆ ಕೆಲಸ ಇತ್ತು. ನೀವು ಕೇಳಿದ ಶೇ. 49–72ರ ಅಂತರಕ್ಕೆ ಮುಖ್ಯ ಕಾರಣ ಇದು. ಬರದ ತುತ್ತತುದಿ 1933 ಅಲ್ಲ, 1937. ಬೆಲೆ ಚೇತರಿಸಿಕೊಂಡ ವರ್ಷ ಹೊಲದಲ್ಲಿ ಬೆಳೆಯೇ ಇಲ್ಲ: ಸಸ್ಕ್ಯಾಚೆವಾನ್ ಸರಾಸರಿ ಎಕರೆಗೆ 3 ಬುಷೆಲ್‌ಗೂ ಕಡಿಮೆ. ಕಣಜ ಅವರ 200 ಎಕರೆಗೆ 600 ಬುಷೆಲ್ ದಾಟುವುದಿಲ್ಲ. ಎಕರೆಗೆ ಒಂದು, ಒಂದೂಕಾಲು ಬುಷೆಲ್ ಬಿತ್ತನೆ ಬೀಜ ಎಂದರೆ ಅದರಲ್ಲಿ 200–250 ಬುಷೆಲ್ ಮುಂದಿನ ವರ್ಷದ ಬೀಜಕ್ಕೇ ಹೋಯಿತು.

ಮಣ್ಣು ಹಾರಿದ್ದಕ್ಕೆ ಗಾಳಿಯನ್ನಷ್ಟೇ ದೂರಬಾರದು. ತೇವ ಉಳಿಸಲು ಹೊಲದ ಒಂದು ಪಾಲನ್ನು ಬೇಸಿಗೆಯಿಡೀ ಬೀಳು ಬಿಟ್ಟು, ಕಳೆ ಏಳದಂತೆ ಮತ್ತೆ ಮತ್ತೆ ಹರಗಿ, ಮೇಲ್ಮಣ್ಣನ್ನು ಹಿಟ್ಟಿನಂತೆ ನುಣ್ಣಗೆ ಮಾಡುವುದೇ ಉತ್ತಮ ಬೇಸಾಯ ಎಂದು ತಜ್ಞರು ಕಲಿಸಿದ್ದರು. ತೇವ ಉಳಿಯಿತು ನಿಜ. ಆದರೆ ಕೂಳೆ ಇಲ್ಲದ, ಹೆಂಟೆ ಇಲ್ಲದ ಆ ಬರಿ ನೆಲಕ್ಕೆ ಗಾಳಿ ತಗುಲಿದರೆ ತಡೆಯುವುದೇನು? ಉರುಳಿ ಬಂದ ರಷ್ಯನ್ ಥಿಸಲ್ ಮುಳ್ಳುಗಿಡ ಬೇಲಿಗೆ ಸಿಕ್ಕಿಕೊಳ್ಳುವುದು, ಅದಕ್ಕೆ ಮಣ್ಣು ಒಟ್ಟಿ ಬೇಲಿ ಹೂತುಹೋಗುವುದು ಎಲ್ಲೆಲ್ಲೂ ಕಂಡ ನೋಟ. ಅದೇ ಗಿಡವನ್ನು ಹಸಿರಿದ್ದಾಗ ಕೊಯ್ದು ಉಪ್ಪು ಹಾಕಿ ಬಣವೆ ಒಟ್ಟಿ ದನಗಳಿಗೆ ಹಾಕಿದರು. ಹೆಚ್ಚು ತಿಂದರೆ ದನಕ್ಕೆ ಭೇದಿ.

ಪರಿಹಾರಗಳೂ ಅಲ್ಲಿಯೇ ಹುಟ್ಟಿದವು. ಬೀಳನ್ನೂ ಬೆಳೆಯನ್ನೂ ಗಾಳಿಗೆ ಅಡ್ಡಲಾಗಿ ಪಟ್ಟೆಪಟ್ಟೆಯಾಗಿ ಇಡುವುದು ಒಂದು. ಇದರ ತೊಂದರೆಯೆಂದರೆ ಪಟ್ಟೆಯ ಅಂಚುಗಳು ಹೆಚ್ಚಾಗಿ, ಗರಗಸ ನೊಣದ ಕಾಟವೂ ಹೆಚ್ಚುತ್ತದೆ. ಅದರ ಹುಳು ಕಾಂಡದೊಳಗೆ ಕೊರೆದು ಪೈರನ್ನು ಬುಡದಲ್ಲೇ ಬೀಳಿಸುತ್ತದೆ. ಇನ್ನೊಂದು, ಆಲ್ಬರ್ಟಾದ ನೋಬಲ್‌ಫೋರ್ಡ್‌ನ ಚಾರ್ಲ್ಸ್ ನೋಬಲ್ 1930ರ ದಶಕದ ನಡುವೆ ಮಾಡಿದ ಅಲಗು. ಕೆಲಸದಲ್ಲಿ ಅದು ಕುಂಟೆಯೇ: ಮಣ್ಣು ಮಗುಚದೆ ನೆಲದಡಿಯಲ್ಲಿ ಕಳೆಯ ಬೇರು ಕತ್ತರಿಸುತ್ತದೆ, ಕೂಳೆ ಮೇಲೆಯೇ ನಿಲ್ಲುತ್ತದೆ. 1935ರಲ್ಲಿ ಬಂದ ಪ್ರೇರಿ ಫಾರ್ಮ್ ಪುನರ್ವಸತಿ ಆಡಳಿತ ಇಂಥವನ್ನು ಹೊಲಹೊಲಕ್ಕೆ ಒಯ್ದಿತು, ಕೆರೆಕಟ್ಟೆ ತೋಡಿಸಿತು, ಉಳಬಾರದ ನೆಲವನ್ನು ಸಮುದಾಯ ಗೋಮಾಳ ಮಾಡಿತು.

ಮಿಡತೆಗೆ ತೌಡು, ಮರದ ಹೊಟ್ಟು, ಸೋಡಿಯಂ ಆರ್ಸೆನೈಟ್ ಕಲಸಿದ ವಿಷದ ಎರೆ. ಬೆಳಿಗ್ಗೆ ಮಿಡತೆ ಮೇಯಲು ಶುರುಮಾಡುವ ಹೊತ್ತಿಗೆ ತೆಳ್ಳಗೆ ಎರಚಬೇಕು, ಒಣಗಿದ ಎರೆಯನ್ನು ಅವು ಮುಟ್ಟುವುದಿಲ್ಲ. 1935ರಲ್ಲಿ ಮಳೆ ಸ್ವಲ್ಪ ಸುಧಾರಿಸಿತು ಅನ್ನುವಾಗ ಕಾಂಡದ ತುಕ್ಕು ರೋಗ ಬಂತು. ಆಗಿನ ಮುಖ್ಯ ತಳಿ ಮಾರ್ಕಿಸ್‌ಗೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ತುಕ್ಕು ತಡೆಯುವ ಥ್ಯಾಚರ್ ತಳಿ ಹರಡಿದ್ದು ಆಮೇಲೆ.

ಪುರಸಭೆ_ಬಜೆಟ್

ಮೂರನೆಯ ಪ್ರಶ್ನೆ. 1867ರ ಬ್ರಿಟಿಷ್ ಉತ್ತರ ಅಮೆರಿಕ ಕಾಯ್ದೆ ಬಡವರ ಪಾಲನೆಯನ್ನು ಪ್ರಾಂತ್ಯಗಳಿಗೆ ಬಿಟ್ಟಿತು, ಪ್ರಾಂತ್ಯಗಳು ಅದನ್ನು ಸ್ಥಳೀಯ ಸಂಸ್ಥೆಗಳಿಗೆ ದಾಟಿಸಿದವು. ಪ್ರಾಂತ್ಯಗಳಿಗೆ ಇದ್ದದ್ದು ನೇರ ತೆರಿಗೆಯ ಅಧಿಕಾರ ಮಾತ್ರ. ಸುಂಕದಂಥ ದೊಡ್ಡ ಬಾಬ್ತು ಒಟ್ಟಾವಾದ್ದು. 1930ರ ನಿರುದ್ಯೋಗ ಪರಿಹಾರ ಕಾಯ್ದೆಯಲ್ಲಿ ಪ್ರಧಾನಿ ಬೆನೆಟ್ 2 ಕೋಟಿ ಡಾಲರ್ ತೆಗೆದಿಟ್ಟರು. ಆದರೆ ಅದು ಸಹಾಯಧನ ಮಾತ್ರ. ನೇರ ಪರಿಹಾರದ ಖರ್ಚನ್ನು ಒಟ್ಟಾವಾ, ಪ್ರಾಂತ್ಯ, ಪುರಸಭೆ ಮೂರು ಪಾಲು ಮಾಡಿಕೊಳ್ಳುವುದು ರೂಢಿಯಾಯಿತು.

ಕಾಗದದ ಮೇಲೆ ನ್ಯಾಯವಾಗಿ ಕಾಣುವ ಈ ಮೂರನೇ ಒಂದು ಪಾಲಿನಲ್ಲೇ ಅನ್ಯಾಯ ಇದ್ದದ್ದು. ಗ್ರಾಮೀಣ ಪುರಸಭೆಯ ವರಮಾನ ಜಮೀನು ತೆರಿಗೆ. ಬೆಳೆ ಹೋದ ರೈತ ತೆರಿಗೆ ಕಟ್ಟುವುದಿಲ್ಲ, ಅದೇ ರೈತ ಪರಿಹಾರಕ್ಕೂ ಅರ್ಜಿ ಹಾಕುತ್ತಾನೆ. ಯಾವ ಊರಿಗೆ ಪೆಟ್ಟು ಜೋರೋ ಆ ಊರಿಗೇ ಖರ್ಚೂ ಜೋರು. ಅದಕ್ಕೇ ಊರುಗಳು ವಾಸದ ನಿಯಮ ಬಿಗಿ ಮಾಡಿದವು, ಹೊರಗಿನಿಂದ ಬಂದವನಿಗೆ ಪರಿಹಾರ ಇಲ್ಲ. ಕೆಲಸ ಹುಡುಕುತ್ತ ಸರಕು ರೈಲು ಹತ್ತಿದ ಒಂಟಿ ಗಂಡಸು ಹೀಗೆ ಯಾವ ಊರಿಗೂ ಸೇರದವನಾದ.

ಸಸ್ಕ್ಯಾಚೆವಾನ್‌ನಲ್ಲಿ ಐದು ಜನರ ಕುಟುಂಬಕ್ಕೆ ಸಿಗುತ್ತಿದ್ದುದು ತಿಂಗಳಿಗೆ 10 ಡಾಲರ್ ಮತ್ತು 98 ಪೌಂಡಿನ ಒಂದು ಚೀಲ ಹಿಟ್ಟು. ಇದರ ಮೇಲೆ ಬಿತ್ತನೆ ಬೀಜ, ಮೇವು, ಕಲ್ಲಿದ್ದಲು ಬೇರೆ ಬೇಕು. ಬೀಜಕ್ಕೆ ಕೊಟ್ಟದ್ದು ದಾನವಲ್ಲ, ಸಾಲ. ಪೆಟ್ರೋಲಿಗೆ ಕಾಸಿಲ್ಲದವರು ಕಾರಿನ ಎಂಜಿನ್ ಕಳಚಿ ಕುದುರೆ ಕಟ್ಟಿದರು, ಆ ಬಂಡಿಗೆ ಪ್ರಧಾನಿಯ ಹೆಸರು ಅಂಟಿತು: ಬೆನೆಟ್ ಬಗ್ಗಿ. ರಬ್ಬರ್ ಟೈರ್ ಇದ್ದುದರಿಂದ ಕುದುರೆಗೆ ಎಳೆಯಲು ಹಗುರ.

ಒಂಟಿ ಗಂಡಸರಿಗೆ 1932ರ ಅಕ್ಟೋಬರ್‌ನಿಂದ ರಕ್ಷಣಾ ಇಲಾಖೆಯ ಶಿಬಿರಗಳು ಬಂದವು, ಯೋಜನೆ ಜನರಲ್ ಮೆಕ್‌ನಾಟನ್ ಅವರದು. ವಾರಕ್ಕೆ 44 ಗಂಟೆ ಕೆಲಸ, ಊಟ, ಬಟ್ಟೆ, ಮಲಗಲು ಜಾಗ, ದಿನಕ್ಕೆ 20 ಸೆಂಟ್. ರಸ್ತೆ, ವಿಮಾನ ಇಳಿದಾಣ, ಹಳೆಯ ಕೋಟೆಗಳ ದುರಸ್ತಿ ಇವರ ಕೈಯಲ್ಲಿ ಆದವು. 1935ರ ಜೂನ್ 3ರಂದು ಶಿಬಿರ ಬಿಟ್ಟ ಸುಮಾರು ಸಾವಿರ ಮಂದಿ ವ್ಯಾಂಕೂವರ್‌ನಲ್ಲಿ ಸರಕು ರೈಲು ಹತ್ತಿ ಒಟ್ಟಾವಾ ಕಡೆ ಹೊರಟರು. ಗಂಟೆಗೆ 50 ಸೆಂಟ್ ಕೂಲಿ, ಪ್ರಥಮ ಚಿಕಿತ್ಸೆ, ಗಾಯವಾದರೆ ಪರಿಹಾರ, ಸೇನಾ ಇಲಾಖೆಯ ಹಿಡಿತ ತೆಗೆಯುವುದು: ಇವು ಅವರ ಬೇಡಿಕೆಗಳಲ್ಲಿ ಮುಖ್ಯವಾದವು. ರೆಜೈನಾದಲ್ಲಿ ತಡೆದರು. ಜುಲೈ 1ರಂದು ಸಭೆಯ ಮೇಲೆ ಪೊಲೀಸರು ಬಿದ್ದಾಗ ಗಲಭೆಯಾಯಿತು, ಪೊಲೀಸ್ ಪತ್ತೇದಾರನೊಬ್ಬ ಸತ್ತ. ಅಕ್ಟೋಬರ್ ಚುನಾವಣೆಯಲ್ಲಿ ಬೆನೆಟ್ ಸೋತರು, ಹೊಸ ಪ್ರಧಾನಿ ಮೆಕೆಂಜಿ ಕಿಂಗ್ 1936ರಲ್ಲಿ ಶಿಬಿರ ಮುಚ್ಚಿಸಿದರು.

ಟಿಪ್ಪಣಿಯಲ್ಲಿ ಒಂದು ಸಾಲು ಪುರಸಭೆ ವೈದ್ಯರಿಗೂ ಇಡಿ. ಸಸ್ಕ್ಯಾಚೆವಾನ್‌ನ ಸಾರ್ನಿಯಾ ಗ್ರಾಮೀಣ ಪುರಸಭೆ ಮೊದಲ ಯುದ್ಧದ ಹೊತ್ತಿನಲ್ಲೇ ವೈದ್ಯರಿಗೆ ತೆರಿಗೆ ಹಣದಿಂದ ಗೌರವಧನ ಕೊಡಲು ಶುರುಮಾಡಿತ್ತು. 1930ರ ದಶಕದಲ್ಲಿ ರೋಗಿಗಳಿಂದ ಫೀಸು ಹುಟ್ಟದೆ ವೈದ್ಯರು ಊರು ಬಿಡುವ ಸ್ಥಿತಿ ಬಂದಾಗ ಈ ಏರ್ಪಾಡು ಊರಿಂದೂರಿಗೆ ಹಬ್ಬಿತು. 1947ರಲ್ಲಿ ಆ ಪ್ರಾಂತ್ಯ ಎಲ್ಲರಿಗೂ ಆಸ್ಪತ್ರೆ ವಿಮೆ ತಂದಾಗ ಜನರಿಗೆ ಅದು ಹೊಸದೇನೂ ಆಗಿರಲಿಲ್ಲ.

ಕಣಜ

ಅಂಕಿ ಬಳಸುವಾಗ ಎರಡು ಎಚ್ಚರ. ಗೋಧಿಯ "1932" ಎಂದರೆ ಬೆಳೆ ವರ್ಷ, ಆಗಸ್ಟ್ 1ರಿಂದ ಮುಂದಿನ ಜುಲೈ 31. ತಲಾ ಆದಾಯದ "1933" ಕ್ಯಾಲೆಂಡರ್ ವರ್ಷ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಇಟ್ಟರೆ ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ಅದಲುಬದಲಾಗುತ್ತದೆ.

ಇನ್ನೊಂದು: ನೀವು ಕೊಟ್ಟ ಆದಾಯದ ಅಂಕಿಗಳು ಆಯಾ ಕಾಲದ ಡಾಲರ್‌ನಲ್ಲಿವೆ. ಆ ನಾಲ್ಕು ವರ್ಷಗಳಲ್ಲಿ ಜೀವನ ವೆಚ್ಚವೂ ಐದನೇ ಒಂದು ಪಾಲಿಗಿಂತ ಹೆಚ್ಚು ಇಳಿದಿತ್ತು. ಟೊರಾಂಟೊದಲ್ಲಿ ಕೆಲಸ ಉಳಿಸಿಕೊಂಡ ಗುಮಾಸ್ತನ ಸಂಬಳಕ್ಕೆ ಹೆಚ್ಚು ಸಾಮಾನು ಬರುತ್ತಿತ್ತು. ರೈತನಿಗೆ ಆ ಲಾಭ ಸಿಗಲಿಲ್ಲ, ಏಕೆಂದರೆ ಅವನು ಕೊಳ್ಳುವ ನೇಗಿಲು, ಬೈಂಡರ್ ಹುರಿಯ (ಕೊಯ್ದ ಪೈರನ್ನು ಕಟ್ಟುವ ಹುರಿ) ಬೆಲೆ ಗೋಧಿಯಷ್ಟು ಇಳಿಯಲಿಲ್ಲ. ಬೆನೆಟ್ ಸರ್ಕಾರ 1930ರಲ್ಲಿ ಏರಿಸಿದ ಸುಂಕ ಕಾರ್ಖಾನೆ ಸರಕಿನ ಬೆಲೆಯನ್ನು ಹಿಡಿದು ನಿಲ್ಲಿಸಿತು. ಸಾಲದ ಅಸಲನ್ನೇ ಇಳಿಸಿ ರಾಜಿ ಮಾಡುವ ದಾರಿ ರೈತರಿಗೆ ಸಿಕ್ಕಿದ್ದು 1934ರ ರೈತ-ಸಾಲಗಾರರ ಒಪ್ಪಂದ ಕಾಯ್ದೆಯಿಂದ. ಅಷ್ಟರಲ್ಲಿ ದಕ್ಷಿಣದ ಎಷ್ಟೋ ಮನೆಗಳು ಬಾಗಿಲು ಮುಚ್ಚಿ, ಬಂಡಿ ಕಟ್ಟಿಕೊಂಡು ಉತ್ತರದ ಕಾಡಂಚಿಗೆ ಹೋಗಿ ಆಗಿತ್ತು.